ಬೀಜದ ಬಟ್ಟಲಿಗೆ ಇಟ್ಟ ಮೇಣದಬತ್ತಿ

ಮೊನ್ನೆ ಸಂಜೆ ರಾಯಚೂರಿನ ನಮ್ಮ ಓಣಿಯಲ್ಲಿ ಕರೆಂಟು ಹೋಯಿತು. ಪಕ್ಕದ ಶಕ್ತಿನಗರದಲ್ಲಿ ನಾಡಿಗೆಲ್ಲ ಕರೆಂಟು ತಯಾರಾಗುತ್ತದೆ, ನಾವು ಮಾತ್ರ ಕತ್ತಲಲ್ಲಿ ಕಡ್ಡಿಪೆಟ್ಟಿಗೆ ತಡಕಾಡುತ್ತೇವೆ. ಮೇಣದಬತ್ತಿಯನ್ನು ಒಂದು ಕಟ್ಟಿಗೆಯ ತುಂಡಿನ ಮೇಲೆ ನಿಲ್ಲಿಸಿ ಮರೆತಿದ್ದೆ, ಬುಡದವರೆಗೂ ಉರಿದು ಕಟ್ಟಿಗೆ ಕರಕಲಾಯಿತು. ಕಾದ ಮೇಣ, ಸುಟ್ಟ ಜಾಲಿ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ದೇವದುರ್ಗದ ನಮ್ಮ ಬಾಡಿಗೆ ಮನೆಯ ಪಡಸಾಲೆ ಕಣ್ಣೆದುರು ಬಂದು ನಿಂತಿತು. ಅದರ ಬೆನ್ನಿಗೇ ನಾಚಿಕೆಯೂ ಬಂತು. ನಿಮ್ಮ ಮೂಗಿನಲ್ಲೂ ಇಂಥದ್ದೊಂದು ವಾಸನೆ ಉಳಿದಿರಬಹುದು. ಆ ಮನೆ ಈಗಿಲ್ಲ, ಅಲ್ಲಿ ಗೊಬ್ಬರದ ಅಂಗಡಿ ಎದ್ದಿದೆ.

ಅಪ್ಪ ದೇವದುರ್ಗದ ದವಾಖಾನೆಯಲ್ಲಿ ಕಂಪೌಂಡರ್. ಹುಟ್ಟಿ ಬೆಳೆದದ್ದು ರಾಯಚೂರು ಪೇಟೆಯಲ್ಲಿ, ಹೊಲ ಅಂದರೆ ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ. ಕ್ರಿಸ್‌ಮಸ್ ಹತ್ತಿರವಾದಂತೆ ಅವರು ಕಟ್ಟಿಗೆ ಅಡ್ಡೆಗೆ ಹೋಗಿ ಜಾಲಿಯ ತುಂಡುಗಳನ್ನು ಆರಿಸಿ ತರುತ್ತಿದ್ದರು. ತೊಗಟೆ ಹಾಗೇ ಉಳಿಸಿ, ಮೇಲ್ಭಾಗವನ್ನು ಉಪ್ಪುಕಾಗದದಿಂದ ತಿಕ್ಕಿ, ಬೈರಿಗೆಯಿಂದ ತೂತು ಕೊರೆದು, ಕುಸುಬೆ ಎಣ್ಣೆ ಸವರಿ ಮೇಣದಬತ್ತಿ ನಿಲ್ಲಿಸುವ ಸ್ಟ್ಯಾಂಡು ಮಾಡುತ್ತಿದ್ದರು. ಪಡಸಾಲೆಯ ತುಂಬ ಹೊಟ್ಟು, ಅವ್ವನ ಗೊಣಗಾಟ, ಎಣ್ಣೆಯ ಘಮ. ಓಣಿಯ ಮನೆಮನೆಗೂ ಕರ್ಜಿಕಾಯಿಯ ಜೊತೆ ಒಂದೊಂದು ಸ್ಟ್ಯಾಂಡು ಹೋಗುತ್ತಿತ್ತು. ಎಲ್ಲಕ್ಕಿಂತ ಚಂದದ್ದು ಎದುರು ಮನೆಯ ಹನುಮವ್ವನಿಗೆ. ಎಳ್ಳಮವಾಸ್ಯೆಗೆ ಅವಳ ಮನೆಯಿಂದ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಬರದಿದ್ದರೆ ನಮಗೆ ಚಳಿಗಾಲವೇ ಬಂದಂತೆ ಅನಿಸುತ್ತಿರಲಿಲ್ಲ. ಅವಳದು ಒಕ್ಕಲುತನದ ಮನೆ, ಅಪ್ಪನಿಗೆ ಅವಳು ತಾಯಿಯ ಸಮಾನ.

ಒಂದು ವರ್ಷ ಅಡ್ಡೆಯಲ್ಲಿ ಅಪ್ಪನ ಕಣ್ಣಿಗೆ ಒಂದು ಹಳೇ ಮರದ ಬಟ್ಟಲು ಬಿತ್ತು. ಕಪ್ಪಗೆ ಹೊಳೆಯುವ ಮೈ, ಬಾಯಿಯ ಬಿರುಕಿಗೆ ತಗಡಿನ ಪಟ್ಟಿ, ತಳದಲ್ಲಿ ನಾಲ್ಕು ತೂತು. "ನೋಡು, ದೇವರೇ ಮೇಣದಬತ್ತಿಗಂತ ಕೊರದಂಗದ," ಎಂದು ಅಪ್ಪ ಮಗುವಿನಂತೆ ಹಿಗ್ಗಿದರು. ತಗಡನ್ನು ಉಜ್ಜಿ ಥಳಥಳ ಮಾಡಿದರು. ಸರಿಯಾಗಿ ನಿಲ್ಲುತ್ತದೋ ಎಂದು ಒಂದು ಬತ್ತಿ ಹಚ್ಚಿ ನೋಡುವಾಗ ಒಂದು ತೂತಿನ ಸುತ್ತ ಸುಟ್ಟು ಕಪ್ಪಾಯಿತು. ಅದೂ ಚಂದವೇ ಎಂದು ಹಾಗೇ ಬಿಟ್ಟರು.

ಹನುಮವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅವಳ ಹೆಬ್ಬೆರಳು ತಗಡಿನ ಮೇಲೆ ಆಡಿತು, ಕೆಳಗಿಳಿದು ಸುಟ್ಟ ಕಲೆಯ ಮೇಲೆ ನಿಂತಿತು.

"ಇದೆಲ್ಲಿ ಸಿಕ್ತೋ ಯಪ್ಪಾ?"

"ಕಟ್ಟಿಗಿ ಅಡ್ಡ್ಯಾಗ ಬಿದ್ದಿತ್ತು ಯವ್ವಾ. ಇನ್ನೇನು ಒಲಿಗಿ ಹೋಗೋದು, ನಾ ಉಳಿಸ್ದೆ."

"ಛಲೋ ಮಾಡಿದಿ," ಎಂದು ಬಟ್ಟಲನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು. ಅಪ್ಪ ಕುಣಿಯುವುದೊಂದು ಬಾಕಿ.

ಮರುದಿನ ನಳದ ಹತ್ತಿರ ಅವಳ ಸೊಸೆ ಅವ್ವನಿಗೆ ಹೇಳಿದಳು. "ಅದು ನಮ್ಮ ಕೂರಿಗಿ ಬಟ್ಟಲರಿ ಅಕ್ಕಾರ. ಟ್ರ್ಯಾಕ್ಟರ್ ಬಂದ ಮ್ಯಾಲೆ ನಮ್ಮ ಮೈದುನರು ಕೂರಿಗಿ ಮುರ್ದು ಅಡ್ಡಿಗಿ ಹಾಕಿದ್ರು. ಅತ್ತಿ ಮದಿವ್ಯಾಗಿ ಬಂದಾಗಿಂದ ಅದ್ರಾಗ ಬೀಜ ಬಿಟ್ಟಾಳ. ಬೀಜದ ಬಟ್ಟಲಿಗಿ ಬೆಂಕಿ ಹಚ್ಚಂಗಿಲ್ರಿ." ಬಿತ್ತುವ ದಿನ ಸುಣ್ಣ, ಕುಂಕುಮ ಹಚ್ಚಿ ಪೂಜೆ ಮಾಡಿ, ಹಿಡಿಹಿಡಿ ಜೋಳ ಬಿಡುವ ಬಟ್ಟಲು ಅದು. ಆ ನಾಲ್ಕು ತೂತುಗಳಿಂದಲೇ ಬೀಜ ಕೂರಿಗೆಯ ಕೊಳವೆಗಳ ಮೂಲಕ ಭೂಮಿಗೆ ಇಳಿಯುವುದು.

ಅವ್ವ ಬಂದು ಹೇಳಿದಾಗ ಅಪ್ಪ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲೇ ಕೈ ತೊಳೆದುಕೊಂಡರು. "ಹೋಗಿ ಒಂದು ಮಾತು ಹೇಳಿ ಬರ್ರಿ," ಅಂದಳು ಅವ್ವ. "ಯಾವ ಮುಖ ತಗೊಂಡು ಹೋಗ್ಲಿ?" ಅಂದರು ಅಪ್ಪ. ಹೋಗಲೇ ಇಲ್ಲ. ಗರಗಸ, ಬೈರಿಗೆ ಚೀಲ ಸೇರಿ ಅಟ್ಟ ಏರಿದವು. ದವಾಖಾನೆಗೆ ಹಿಂದಿನ ಓಣಿಯಿಂದ ಸುತ್ತಿ ಹೋಗತೊಡಗಿದರು. ಎಳ್ಳಮವಾಸ್ಯೆಗೆ ಭಜ್ಜಿ ತಪ್ಪದೆ ಬಂತು, ಅವ್ವ ತಲೆ ತಗ್ಗಿಸಿ ಇಸಿದುಕೊಂಡಳು. "ಬಾ ಬೇ, ರೊಟ್ಟಿ ತಿನ್ನು ಬಾ," ಎಂದು ಹನುಮವ್ವ ಕರೆದರೆ ನಾನು ಬಾಗಿಲ ಹಿಂದೆ ಅಡಗುತ್ತಿದ್ದೆ. ನಾಚಿಕೆ ನಮ್ಮ ಮನೆಯ ಸಾಮಾನಿನಲ್ಲಿ ಒಂದಾಯಿತು. ಮುಂದಿನ ಕ್ರಿಸ್‌ಮಸ್ ಸಂಜೆ ಅವಳ ಹೊಸ್ತಿಲಲ್ಲಿ, ಬರೀ ಕಲ್ಲಿನ ಮೇಲೆ, ಒಂದು ಮೇಣದಬತ್ತಿ ಉರಿಯುತ್ತಿತ್ತು. ಬಟ್ಟಲು ಒಳಗೋಡೆಯ ಮಾಡದಲ್ಲಿ, ತೂತಿನ ಮೇಲೆ ಅರಿವೆ ಹಾಸಿ ಜೋಳ ತುಂಬಿಕೊಂಡು ಕೂತಿತ್ತು. "ನೋಡು, ದೀಪ ಎಲ್ಲಿ ಇಡಬೇಕಂತ ನಮಗ ತೋರಸಾಕತ್ತಾಳ," ಎಂದು ಅಪ್ಪ ಕಿಟಕಿ ಮುಚ್ಚಿದರು. ವರ್ಷವರ್ಷವೂ ಆ ಬತ್ತಿ ಉರಿಯಿತು, ವರ್ಷವರ್ಷವೂ ನಮ್ಮ ಕಿಟಕಿ ಮುಚ್ಚಿತು. ಕೊನೆಗೆ ಮಾನ್ವಿಗೆ ವರ್ಗವಾಯಿತು. ತಾನಾಗಿ ಬಂದದ್ದಲ್ಲ, ಅಪ್ಪ ಕೇಳಿ ತೆಗೆದುಕೊಂಡದ್ದು. ಹೇಳದೆ ಊರು ಬಿಟ್ಟೆವು.

ಅಪ್ಪ ಹೋದಾಗ ರಾಯಚೂರಿನಲ್ಲಿ ಮಣ್ಣು ಮಾಡಿದೆವು. ಜನ ಚದುರುವ ಹೊತ್ತಿಗೆ, ಬಾಗಿದ ಬೆನ್ನಿನ ಮುದುಕಿಯೊಬ್ಬಳು ಸೊಸೆಯ ಕೈ ಹಿಡಿದು ಗೇಟಿನೊಳಗೆ ಬಂದಳು. ಸುದ್ದಿ ಹೇಗೆ ಮುಟ್ಟಿತೋ, ದೇವದುರ್ಗದ ಬಸ್ಸು ಹತ್ತಿ ಬಂದಿದ್ದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹನುಮವ್ವ ಹಸಿ ಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಪ್ಪನನ್ನು ಗದರುವವಳಂತೆ ಮಾತಾಡಿದಳು. "ಹಬ್ಬಕ್ಕೊಮ್ಮೆ ಬಾಗಿಲದಾಗ ದೀಪ ಇಟ್ಟೆನಲ್ಲೋ ಯಪ್ಪಾ, ಅದನ್ನ ನೋಡಿಯಾದ್ರೂ ಬರ್ತಿ ಅಂತ. ಹಾದಿ ನೋಡಿ ನೋಡಿ ಸಾಕಾತು. ಒಲಿಗಿ ಹೋಗೋದನ್ನ ತಂದು ಕೊಟ್ಟಿದ್ದಿ, ನಿನ್ನ ಮ್ಯಾಲೆ ನಾ ಯಾಕ ಸಿಟ್ಟಾಗ್ಲಿ?"

ನನಗೆ ತಲೆ ಎತ್ತಲಾಗಲಿಲ್ಲ. ನಮ್ಮನ್ನು ಕರೆಯಲೆಂದು ಇಟ್ಟ ದೀಪಕ್ಕೆ ನಾವು ಅಷ್ಟು ವರ್ಷ ಕಿಟಕಿ ಮುಚ್ಚಿದ್ದೆವು.

ಅವಳು ಚೀಲದಿಂದ ಬಟ್ಟಲು ತೆಗೆದಳು. ಒಳಗಿದ್ದ ಜೋಳವನ್ನು ಅರಿವೆಯ ಸಮೇತ ಉಡಿಗೆ ಸುರುವಿಕೊಂಡಳು. ಮತ್ತೆಂದೂ ಬೆಂಕಿ ತಾಗಿಸದೆ ಕಾಯ್ದಿದ್ದ ಆ ಬಟ್ಟಲನ್ನು ಮಣ್ಣಿನ ಮೇಲಿಟ್ಟು, ಅಪ್ಪ ಸುಟ್ಟಿದ್ದ ಅದೇ ತೂತನ್ನು ಬೆರಳಿನಿಂದ ಹುಡುಕಿ, ಮೇಣದಬತ್ತಿ ನಿಲ್ಲಿಸಿದಳು. ಗಾಳಿಗೆ ಕಡ್ಡಿ ಆರುತ್ತಿತ್ತು. "ನೀ ಹಚ್ಚು ಬೇ," ಎಂದು ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಳು.