ಚಿಕ್ಕೇರೂರಿನ ಎತ್ತಿಗೆ ಸಿಗದ ‘ಕರೆಂಟ್’

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನನ್ನನ್ನು ಸವಣೂರಿನಿಂದ ಹಿರೇಕೆರೂರು ತಾಲ್ಲೂಕಿಗೆ ವರ್ಗ ಮಾಡಿದರು. ಪಶುವೈದ್ಯಾಧಿಕಾರಿಯ ಹುದ್ದೆ. ನಾನು ಹೋದ ಎರಡನೆಯ ತಿಂಗಳು ಚಿಕ್ಕೇರೂರಿನ ಶಂಕ್ರವ್ವ ತಮ್ಮ ಎತ್ತನ್ನು ಆಸ್ಪತ್ರೆಗೆ ಹೊಡೆದುಕೊಂಡು ಬಂದರು. ಅದು ತಲೆಯನ್ನು ಬಲಕ್ಕೆ ವಾಲಿಸಿಕೊಂಡೇ ನಿಂತಿತ್ತು. ಬಲಗೋಡು ಬುಡದಲ್ಲಿ ಅಲುಗುತ್ತಿತ್ತು, ಅದೇ ಬದಿಯ ಹೊಳ್ಳೆಯಿಂದ ರಕ್ತ ಸೋರುತ್ತಿತ್ತು. ಕೋಡಿನ ಕ್ಯಾನ್ಸರ್. ನಮ್ಮ ದುಡಿಯುವ ಎತ್ತುಗಳಲ್ಲಿ ಅಪರೂಪದ್ದೇನಲ್ಲ.

ರೋಗದ ಹೆಸರು ಹೇಳಿದಾಗ ಶಂಕ್ರವ್ವ ಗಾಬರಿಯಾಗಲಿಲ್ಲ.

“ಹೋದ ವರ್ಷ ನನಗೂ ಗಂಟಲಾಗ ಇದ ಆಗಿತ್ರಿ. ಹುಬ್ಬಳ್ಳ್ಯಾಗ ಸೂಜೀನೂ ಕೊಟ್ರು, ಕರೆಂಟೂ ಕೊಟ್ರು. ಉಳಕೊಂಡೇನಿ. ಇದಕ್ಕೂ ಎರಡೂ ಕೊಡ್ರಿ ಡಾಕ್ಟ್ರ.”

ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಜನ ಕರೆಂಟ್ ಅನ್ನುತ್ತಾರೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸ್ನಾತಕೋತ್ತರ ಓದುವಾಗ ನಾನೇ ಇಂಥ ಪ್ರಯೋಗವೊಂದರಲ್ಲಿ ದುಡಿದಿದ್ದೆ. ಗಡ್ಡೆ ಬೆಳೆಸಿದ ಇಲಿಗಳಲ್ಲಿ ಒಂದು ಗುಂಪಿಗೆ ಔಷಧ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ಎರಡೂ. ಔಷಧದಿಂದ ಸೊರಗಿದ ಗಡ್ಡೆಯ ಕೋಶಗಳು ವಿಕಿರಣಕ್ಕೆ ಬೇಗ ಸೋಲುತ್ತವೆ. ದಿನವೂ ಕ್ಯಾಲಿಪರ್ ಹಿಡಿದು ಗಡ್ಡೆ ಅಳೆಯುತ್ತಿದ್ದವನು ನಾನು. ಎರಡೂ ಪಡೆದ ಇಲಿಗಳಲ್ಲೇ ಅದು ಹೆಚ್ಚು ಕರಗುತ್ತಿತ್ತು. ಪ್ರಾಣಿಗಳ ಮೇಲೆ ಕಲಿತ ಆ ವಿದ್ಯೆ ಶಂಕ್ರವ್ವನವರೆಗೆ ತಲುಪಿತ್ತು. ಅವರ ಎತ್ತಿಗೆ ತಲುಪುವ ದಾರಿ ಮಾತ್ರ ಇರಲಿಲ್ಲ. ಅದು ಗೊತ್ತಿದ್ದೂ, “ಪ್ರಯತ್ನ ಮಾಡೋಣ” ಎಂದುಬಿಟ್ಟೆ.

ಮರುದಿನ ಕೋಡನ್ನು ಬುಡಸಮೇತ ಕತ್ತರಿಸಿ ತೆಗೆದೆ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದ ಇಂಜೆಕ್ಷನ್ ಶುರುಮಾಡಿದೆ. ಎರಡು ವಾರ ಗಾಯ ಚೆನ್ನಾಗಿ ಮಾಯುತ್ತ ಬಂತು. ಮೂರನೆಯ ವಾರ ಅದರೊಳಗಿಂದ ಹೂಕೋಸಿನಂಥ ಮಾಂಸ ಎದ್ದಿತು. ಕ್ಯಾನ್ಸರ್ ಮರಳಿತ್ತು.

ಅಂದಿನಿಂದ ನಾನು ಫೋನಿಗೆ ಅಂಟಿಕೊಂಡೆ. ಪಶುವೈದ್ಯ ಕಾಲೇಜಿನ ಗೆಳೆಯ, “ವಿಕಿರಣದ ಯಂತ್ರ ಬೇಕೆಂದು ಬರೆದ ಕಡತ ಎಲ್ಲಿದೆ ಅಂತಾನೂ ಗೊತ್ತಿಲ್ಲ ಮಾರಾಯ” ಎಂದು ನಕ್ಕ. ನನಗೆ ನಗು ಬರಲಿಲ್ಲ. ಮನುಷ್ಯರ ಆಸ್ಪತ್ರೆಯೊಂದಕ್ಕೆ ಖುದ್ದಾಗಿ ಹೋದೆ. ಅಲ್ಲಿನ ತಜ್ಞರು ತಾಳ್ಮೆಯಿಂದ ಕೇಳಿ, ಕಾರಿಡಾರಿನಲ್ಲಿ ಕುಳಿತಿದ್ದ ರೋಗಿಗಳನ್ನು ತೋರಿಸಿದರು.

“ಇವ್ರಿಗೇ ಪಾಳಿ ಸಿಗವಲ್ದು ಸರ್. ಎತ್ತು ತರ್ತೇನಿ ಅಂದ್ರ ನಾ ಏನ್ ಹೇಳ್ಲಿ?”

ಸಿಟ್ಟಿನಿಂದ ಹೊರಬಂದೆ. ಯಾರ ಮೇಲಿನ ಸಿಟ್ಟು ಎಂಬುದು ನನಗೇ ತಿಳಿಯಲಿಲ್ಲ. ಆಗಲೂ ನಿಲ್ಲಿಸಲಿಲ್ಲ. ಇಲಾಖೆಗೆ ಮನವಿ ಬರೆದೆ, ಮತ್ತೆ ಬರೆದೆ, ಇಂಜೆಕ್ಷನ್ ಮುಂದುವರಿಸಿದೆ.

ಐದನೆಯ ಇಂಜೆಕ್ಷನ್ ಕೊಡಲು ಚಿಕ್ಕೇರೂರಿಗೆ ಹೋದಾಗ ಎತ್ತು ಮೆಲುಕು ಹಾಕುವುದನ್ನೇ ಬಿಟ್ಟಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ನಾನು ಸಿರಿಂಜಿಗೆ ಔಷಧ ಎಳೆದುಕೊಳ್ಳುತ್ತಿದ್ದೆ. ಶಂಕ್ರವ್ವ ನನ್ನ ಕೈ ಹಿಡಿದರು.

“ಕರೆಂಟ್ ಸಿಗತೈತೇನ್ರಿ? ಖರೇ ಹೇಳ್ರಿ.”

“ಇಲ್ಲ ಶಂಕ್ರವ್ವ. ಸಿಗೂದಿಲ್ಲ.”

“ಮೊದಲಿಂದ ಗೊತ್ತಿತ್ತೇನ್ರಿ?”

ಹೌದೆಂದು ತಲೆ ಆಡಿಸಿದೆ.

“ಹಂಗಾರ ಸೂಜಿ ಬ್ಯಾಡ್ರಿ. ಆ ಔಷಧ ಮೈಯಾಗ ಹ್ವಾದ್ರ ಹೆಂಗಿರತೈತಿ ಅಂತ ನನಗ ಗೊತ್ತೈತಿ. ನಾ ‘ಸಾಕು’ ಅಂತ ಬಾಯಿಬಿಟ್ಟ ಹೇಳತಿದ್ದೆ. ಇದು ಹೆಂಗ ಹೇಳಬೇಕ್ರಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಔಷಧವನ್ನು ಪೆಟ್ಟಿಗೆಗೆ ಸೇರಿಸಿ, ನೋವು ಕಡಿಮೆಯಾಗಲು ಮಾತ್ರ ಇಂಜೆಕ್ಷನ್ ಕೊಟ್ಟೆ. ಆಮೇಲೆ ದಿನವೂ ಹೋಗಿ ಅದನ್ನೇ ಕೊಟ್ಟೆ. ಶಂಕ್ರವ್ವ ಗಂಜಿ ಕುಡಿಸಿ, ನೊಣ ಓಡಿಸುತ್ತ ಪಕ್ಕದಲ್ಲೇ ಕೂತಿರುತ್ತಿದ್ದರು. ಎತ್ತು ಆರನೆಯ ದಿನ ಸತ್ತಿತು.

ವ್ಯವಸ್ಥೆಯ ಮೇಲಿನ ನನ್ನ ಸಿಟ್ಟು ಇಂದಿಗೂ ಆರಿಲ್ಲ, ಆರಬೇಕಾಗಿಯೂ ಇಲ್ಲ. ಆದರೆ ನಾನು ಆ ಸಿಟ್ಟಿನ ಬೆನ್ನು ಹತ್ತಿ ಫೋನು, ಮನವಿ ಎಂದು ಕಳೆದ ವಾರಗಳನ್ನು ಒಂದು ಮೂಕ ಜೀವ ತನ್ನ ಮೈಯಲ್ಲಿ ಅನುಭವಿಸಿತು. ಮುಂದೆ ಹಾನಗಲ್ಲಿಗೆ ವರ್ಗವಾಗಿ, ಅಲ್ಲಿ ಇಂಥದೇ ಎತ್ತು ಬಂದಾಗ, ನನ್ನಲ್ಲಿ ಏನಿಲ್ಲ ಎಂಬುದನ್ನು ಮೊದಲು ಹೇಳಿದೆ. ಏನಿದೆ ಎಂಬುದನ್ನು ಆಮೇಲೆ.