ಅಡುಗೆಯವನ ಸಾಕ್ಷಿ

ಕುವೈತ್‌ನಲ್ಲಿ ಆಗ ನನ್ನಂತೆ ನೀರಿನ ಟ್ಯಾಂಕರ್ ಓಡಿಸುವ ಗಂಡು ಇನ್ನೊಬ್ಬನಿರಲಿಲ್ಲ. ಸಿಗ್ನಲ್ ಕೂಡ ನಾನು ದಾಟಿಹೋಗಲಿ ಎಂದು ಕಾದು ಆಮೇಲೆ ಕೆಂಪಾಗುತ್ತಿತ್ತು. ಒಂದು ದಿನ ಸಲ್ವಾ ಬಡಾವಣೆಯ ಮನೆಯೊಂದರ ಹಿತ್ತಲಲ್ಲಿ ನೀರು ತುಂಬಿಸುತ್ತಿದ್ದಾಗ, ಯಜಮಾನ ತನ್ನ ಕೆಲಸದಾಕೆ ರಮಣಮ್ಮನ ಕೈಗೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದ್ದನ್ನು ಕಿಟಕಿಯಲ್ಲಿ ಕಂಡೆ. ಪೈಪ್ ಕಿತ್ತೆಸೆದು, ಕೂಗುತ್ತ ಹೊರಗೆ ಓಡಿಬಂದವಳನ್ನು ಟ್ಯಾಂಕರಿಗೆ ಹತ್ತಿಸಿ, ಸೀದಾ ಠಾಣೆಗೆ ಬಿಟ್ಟೆ ನೋಡಿ!

ಹಿಂದೆಯೇ ಅವಳ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿದ ಆ ಯಜಮಾನ, ಬಂದ. "ಇವಳು ಓಡಿಹೋದವಳು. ಇಕಾಮಾ ರದ್ದು ಮಾಡಿ ಊರಿಗೆ ಕಳಿಸಿ, ಖಲಾಸ್!" ಎಂದ. ಇಕಾಮಾ ಎಂದರೆ ಆ ದೇಶದಲ್ಲಿರಲು ಪರವಾನಗಿ; ಅದು ಹೋದರೆ, ಸುಟ್ಟ ಕೈ ಹೊತ್ತು ಅವಳೇ ಕಳ್ಳಿಯಂತೆ ವಿಮಾನ ಹತ್ತಬೇಕು.

ಅಧಿಕಾರಿ ಅವನಿಗೆ ಚಹಾ ತರಿಸಿ, ಮೆಲ್ಲಗೆ ಹೇಳಿದ: "ಓಡಿಹೋಗುವವಳು ಠಾಣೆಗೆ ಬರುತ್ತಾಳೆಯೇ, ಹಬೀಬಿ? ದೂರು ಕೊಟ್ಟವಳು ಕೇಸು ಮುಗಿಯುವವರೆಗೆ ಇಲ್ಲೇ ಇರಬೇಕು. ಅವಳ ಇಕಾಮಾಕ್ಕೆ ನಾನು ಕಾವಲು. ಕಂಡವರು ಯಾರಿದ್ದಾರೆ?"

"ನಾನು!" ಎಂದು ಗುಡುಗಿದೆ. ಗೋಡೆಯ ಗಡಿಯಾರ ನಿಂತೇಹೋಯಿತು.

ನನ್ನ ಇಕಾಮಾ ನೋಡಿ ಅಧಿಕಾರಿಯ ಹುಬ್ಬು ಮೇಲೇರಿತು. ಸಿಕ್ಕಿದ ವೀಸಾದಲ್ಲಿ ಬಂದವನು ನಾನು. ಅದರಲ್ಲಿ ಅಡುಗೆಯವ ಎಂದಿತ್ತು.

"ಅಡುಗೆಯವನಿಗೆ ಟ್ಯಾಂಕರ್ ಯಾಕೆ?"

ವೀಸಾದಲ್ಲಿಲ್ಲದ ಕೆಲಸ ಮಾಡಿ ಸಿಕ್ಕಿಬಿದ್ದರೆ ನನ್ನನ್ನೇ ಊರಿಗೆ ಅಟ್ಟುತ್ತಿದ್ದರು. ಆದರೂ ಹೇಳಿದೆ: "ಗಂಜಿಗೆ ನೀರು ಬೇಕಲ್ಲ, ಸಾಹೇಬರೇ?"

ಅವನು ನಗು ತಡೆದುಕೊಂಡು ಶಾಯಿಯ ಡಬ್ಬಿ ಮುಂದಿಟ್ಟ. ನಾನು ಸಾಕ್ಷಿ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದೆ. ರಮಣಮ್ಮ ಕೇಸು ಗೆದ್ದು, ಬೇರೆ ಒಳ್ಳೆಯ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಅಂಥ ಪೊಲೀಸನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಆಮೇಲೆ ದಾರಿಯಲ್ಲಿ ಟ್ಯಾಂಕರ್ ಕಂಡಾಗಲೆಲ್ಲ, "ಗಂಜಿ ಬೆಂದಿತೇ?" ಎಂದು ಕೂಗುತ್ತಿದ್ದ.

ನನಗೆ ಇವತ್ತಿಗೂ ಗಂಜಿ ಬೇಯಿಸಲು ಬರುವುದಿಲ್ಲ.