ಗಂಡನಿಗೆ ಬಿಟ್ಟ ‘ಆಮೆನ್’

ಪ್ರಾರ್ಥನೆಯ ಕೊನೆಗೆ ‘ಆಮೆನ್’ ಎಂದದ್ದು ರೂತಮ್ಮ ಅಲ್ಲ, ಲಕ್ವಾ ಹೊಡೆದು ಆರು ವರ್ಷಗಳಿಂದ ಮಾತು ನಿಂತಿದ್ದ ಅವರ ಗಂಡ. ನರ್ಸ್ ಆಗಿರುವ ನಾನು ಆ ಗಂಡನ ಬಿ.ಪಿ. ನೋಡಲೆಂದು ಅಕ್ಕಿಆಲೂರಿನ ಆ ಮನೆಗೆ ಹೋಗಿದ್ದೆ. ದನಿ ಒಡೆದಿತ್ತು, ಆದರೂ ಸ್ಪಷ್ಟವಾಗಿ ಕೇಳಿಸಿತು.

“ಕೇಳಿದ್ರೇನ್ರಿ ಸಿಸ್ಟರ್?” ರೂತಮ್ಮ ನನ್ನ ಕೈ ಹಿಡಿದು ಅತ್ತರು. “ದಿನಾ ಆಮೆನ್ ಅನ್ನೂದು ಇವ್ರಿಗೇ ಬಿಟ್ಟು ಸುಮ್ಮನ ಕುಂದರತಿದ್ದೆರಿ. ದೇವ್ರು ಕೊಟ್ಟ ಮಾತು ತಪ್ಪಂಗಿಲ್ಲ. ಇನ್ನ ಒಮ್ಮಿ ನನ್ನ ಹೆಸರು ಹಿಡದು ಕರದ್ರ ಸಾಕು.”

ನನ್ನ ಅವ್ವನಿಗೆ ಮರೆವಿನ ಕಾಯಿಲೆ. ನನ್ನ ಗುರುತು ಹಿಡಿಯದೆ ವರ್ಷವಾಗಿದೆ. ಉತ್ತರ ಬರುವುದಿಲ್ಲವೆಂದು ಮಾತನಾಡಿಸುವುದನ್ನೇ ಬಿಟ್ಟಿದ್ದೆ. ಅಂದು ಸಂಜೆ ಪಕ್ಕದಲ್ಲಿ ಕುಳಿತು, “ಅವ್ವಾ, ನಾ ಬಂದೇನಿ” ಎಂದೆ. ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. ನಾನು ಎದ್ದು ಹೋಗಲಿಲ್ಲ.